ಸರ್ಕಾರದ ಬಾಕಿಗೆ ನಾವು ಬಳೆ ಅಡ ಇಡಬೇಕಾ?

ಮಾನ್ಯರೇ,

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಿಂದ ಬಾಕಿ ಬಂದಿಲ್ಲ ಅಂತ ಖಾಸಗಿ ಆಸ್ಪತ್ರೆಗಳು ಮಾಜಿ ಸೈನಿಕರನ್ನು ವಾಪಸ್ ಕಳಿಸುತ್ತಿರುವ ನಿಮ್ಮ ವರದಿ ಓದಿದೆ. ರೋಗಿಗಳಿಗೆ ತೊಂದರೆ ಆಗಿಲ್ಲ ಅಂತ ಅಧಿಕಾರಿಗಳು ಅದರಲ್ಲಿ ಹೇಳಿದ್ದಾರೆ. ಆಗಿದೆ ಸ್ವಾಮಿ. ನಮಗೇ ಆಗಿದೆ, ಮೊನ್ನೆಯೇ ಆಗಿದೆ.

ನನ್ನ ಹೆಂಡತಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದೆ ಹಿಡಿದಂತಾಗುತ್ತದೆ. ತುಮಕೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಡಾಕ್ಟರು ಇಸಿಜಿ ನೋಡಿದವರೇ ಆಂಜಿಯೋಗ್ರಾಂ ತಡ ಮಾಡಬೇಡಿ ಅಂತ ಬೆಂಗಳೂರಿಗೆ ರೆಫರಲ್ ಕೊಟ್ಟರು. ಕತ್ತಲಿರುವಾಗಲೇ ಮನೆ ಬಿಟ್ಟೆವು. ಅವಳಿಗೆ ಖಾಲಿ ಹೊಟ್ಟೆ. ನೆಲಮಂಗಲ ದಾಟುವಷ್ಟರಲ್ಲೇ ಸಾಕುಸಾಕಾಯಿತು. ಆಸ್ಪತ್ರೆಯಲ್ಲಿ ಕೌಂಟರಿನ ಗಾಜಿಗೆ ಒಂದು ಬಿಳಿ ಹಾಳೆ ಅಂಟಿಸಿದ್ದರು. ಇಸಿಎಚ್‌ಎಸ್ ಕ್ಯಾಶ್‌ಲೆಸ್ ತಾತ್ಕಾಲಿಕವಾಗಿ ಇಲ್ಲ ಎಂದು ಬರೆದಿತ್ತು. ತಾರೀಕೂ ಇಲ್ಲ, ಸಹಿಯೂ ಇಲ್ಲ. ಕಾರ್ಡು, ರೆಫರಲ್ ಎರಡನ್ನೂ ಗಾಜಿನ ಕಿಂಡಿಯಲ್ಲಿ ಒಳಗೆ ತಳ್ಳಿದೆ. ಕೂತಿದ್ದ ಹುಡುಗಿ ಹಾಗೇ ಹೊರಗೆ ತಳ್ಳಿದಳು. ಅಡ್ವಾನ್ಸ್ ಕಟ್ಟಿದರೆ ಅಡ್ಮಿಟ್, ಇಲ್ಲ ಅಂದರೆ ಬೇರೆ ಕಡೆ ನೋಡಿಕೊಳ್ಳಿ ಅಂದಳು. ಅಷ್ಟು ಹೊತ್ತೂ ನನ್ನವಳು ಕಂಬಕ್ಕೆ ಒರಗಿ ನಿಂತಿದ್ದಳು. ಒಂದು ಕುರ್ಚಿ ಕೊಡುವವರೂ ಇರಲಿಲ್ಲ.

ಬೇರೆ ಕಡೆ ಅಂದರೆ ಎಲ್ಲಿಗೆ? ರೆಫರಲ್ ಬದಲಾಯಿಸಬೇಕಾದರೆ ಮತ್ತೆ ತುಮಕೂರಿಗೆ ಬರಬೇಕು. ಎದೆ ನೋವಿನ ಹೆಂಗಸನ್ನು ಕರೆದುಕೊಂಡು ಊರೂರು ಅಲೆಯೋಕಾಗುತ್ತಾ? ಮಗ ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ರಜೆ ಹಾಕಿ, ಸಂಬಳ ಕಳೆದುಕೊಂಡು, ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಟ್ಟು ದುಡ್ಡು ತಂದ. ಈಗ ಆ ಬಡ್ಡಿ ಯಾರು ಕಟ್ಟುತ್ತಾರೆ? ಬಿಲ್ ಹಾಕಿಕೊಳ್ಳಿ ಅಂತ ಹೇಳುವುದು ಸುಲಭ. ಮಂಜೂರಾದರೂ ಕೇಂದ್ರ ನೌಕರರ ಆರೋಗ್ಯ ಯೋಜನೆಯ (ಸಿಜಿಎಚ್‌ಎಸ್) ದರದಷ್ಟೇ ಕೈಗೆ ಬರುವುದು. ಅದಕ್ಕಿಂತ ಜಾಸ್ತಿ ಕಟ್ಟಿದ್ದು ನಮ್ಮ ತಲೆ ಮೇಲೆಯೇ.

ಇದು ಯಾರೂ ನಮಗೆ ಕೊಟ್ಟ ಭಿಕ್ಷೆ ಅಲ್ಲ. 2003ರ ಏಪ್ರಿಲ್‌ನಲ್ಲಿ ಈ ಯೋಜನೆ ಶುರುವಾದಾಗಲೇ ಇದನ್ನು ವಂತಿಗೆ ಯೋಜನೆ ಅಂತ ಮಾಡಿದ್ದು. ಈಗ ಹವಾಲ್ದಾರ್‌ವರೆಗಿನವರು ಸೇರುವಾಗಲೇ 30,000 ರೂಪಾಯಿ ಕಟ್ಟಬೇಕು. ನಮ್ಮಿಂದ ಒಂದೇ ಗಂಟಿನಲ್ಲಿ ಹಿಡಿದುಕೊಂಡವರು ಆಸ್ಪತ್ರೆಗೆ ಕೊಡುವಾಗ ಮಾತ್ರ ತಿಂಗಳುಗಟ್ಟಲೆ ಎಳೆಯುತ್ತಾರೆ. ಆಸ್ಪತ್ರೆಯವರು ಬಿಲ್ ಆನ್‌ಲೈನ್‌ನಲ್ಲಿ ಹಾಕಬೇಕು, ಅದನ್ನು ಯುಟಿಐನ ಏಜೆನ್ಸಿ ಪರಿಶೀಲಿಸಬೇಕು, ಕಡಿತ ಮಾಡಬೇಕು, ಆಮೇಲೆ ಮೊತ್ತಕ್ಕೆ ತಕ್ಕಂತೆ ಒಬ್ಬೊಬ್ಬ ಅಧಿಕಾರಿ ಒಪ್ಪಬೇಕು. ಇಷ್ಟೆಲ್ಲ ಆದ ಮೇಲೆ ಖಾತೆಯಲ್ಲಿ ಹಣವೇ ಇಲ್ಲ ಅಂತಾರೆ. ಹತ್ತು ಕೆಲಸದ ದಿನದೊಳಗೆ ದುಡ್ಡು ಬಂದರೆ ಬಿಲ್ಲಿನಲ್ಲಿ ಶೇ 2ರಷ್ಟು ಬಿಡಬೇಕು ಅಂತ ಆಸ್ಪತ್ರೆಗಳ ಜೊತೆಗಿನ ಕರಾರಿನಲ್ಲೇ ಇದೆ. ಬೇಗ ಕೊಟ್ಟರೆ ಸರ್ಕಾರಕ್ಕೇ ಲಾಭ. ಅದೂ ಬೇಡವಾ ಇವರಿಗೆ? 2015ರಲ್ಲೇ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಈ ಯೋಜನೆ ಬಗ್ಗೆ ಪ್ರತ್ಯೇಕ ವರದಿ ಕೊಟ್ಟು ಬಿಲ್ ವಿಳಂಬವನ್ನೂ ಎತ್ತಿ ತೋರಿಸಿತ್ತು. ಅದನ್ನು ಓದಿದವರು ಯಾರು?

ಆಸ್ಪತ್ರೆಗಳನ್ನೂ ನಾನು ಬಿಡುವುದಿಲ್ಲ. ಅವರಿಗೆ ಬಾಕಿ ಇರುವುದು ನಿಜ, ನರ್ಸುಗಳಿಗೆ ಸಂಬಳ ಕೊಡಬೇಕು, ಒಪ್ಪುತ್ತೇನೆ. ಆದರೆ ಜಗಳ ದೆಹಲಿಯ ಜೊತೆ ಆಡಲಿ. ಎದೆ ಹಿಡಿದುಕೊಂಡು ನಿಂತವಳ ಜೊತೆ ಯಾಕೆ?

ಅಧಿಕಾರಿಗಳ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಮಾಜಿ ಸೈನಿಕರ ಕೋಟಾದಲ್ಲಿ ಜಮೀನಿಗೆ ಅರ್ಜಿ ಹಾಕಿ ವರ್ಷಗಳೇ ಆದವು. ಸರ್ವೆಯವರು ಬಂದರು, ಅಳೆದರು, ಹೋದರು. ಕೊನೆಗೆ ಜಮೀನು ಲಭ್ಯವಿಲ್ಲ ಅಂತ ಹಿಂಬರಹ ಕೊಟ್ಟರು. ಅದೇ ಗೋಮಾಳದಲ್ಲಿ ಈಗ ಬೇರೆಯವರ ಶೆಡ್ ಎದ್ದಿದೆ. ಕೇಳಿದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಪಿಂಚಣಿದಾರರ ಜೀವನ ಪ್ರಮಾಣಪತ್ರ ನವೆಂಬರ್‌ನಲ್ಲಿ ಒಂದು ದಿನ ತಡವಾಗಲಿ, ಎಲ್ಲರೂ ನಿಯಮ ಹೇಳುತ್ತಾರೆ. ಅವರ ಕೆಲಸ ತಡವಾದರೆ ಮಾತ್ರ ಯಾವ ನಿಯಮವೂ ಇಲ್ಲ.

ನಮ್ಮ ತುಮಕೂರಿನ ಸಂಸದರು ಕೇಂದ್ರದಲ್ಲಿ ಸಚಿವರು. ರಕ್ಷಣಾ ಇಲಾಖೆಯವರನ್ನು ಎದುರಿಗೇ ಕೂರಿಸಿಕೊಂಡು ಕೇಳಬಹುದಲ್ವಾ? ಕೂಡಲೇ ಬಾಕಿ ಕೊಡಿಸಲಿ. ರೋಗಿಗಳನ್ನು ಹೊರಗೆ ಕಳಿಸಿದ ಆಸ್ಪತ್ರೆಗಳ ಮೇಲೆ ಕ್ರಮವನ್ನೂ ತೆಗೆದುಕೊಳ್ಳಲಿ. ಎರಡೂ ಆಗದಿದ್ದರೆ ಕಾರ್ಡು ವಾಪಸ್ ತೆಗೆದುಕೊಂಡು ನಮ್ಮ ವಂತಿಗೆ ಬಡ್ಡಿ ಸಮೇತ ಕೊಡಲಿ. ತೊಂದರೆ ಆಗಿಲ್ಲ ಅಂತ ಹೇಳಿದ ಅಧಿಕಾರಿಗೆ ನಾಚಿಕೆ ಆಗಬೇಕು.

– ನಿವೃತ್ತ ಹವಾಲ್ದಾರ್, ತುಮಕೂರು ಜಿಲ್ಲೆ