ಏರಿನಲ್ಲಿ ನಿಲ್ಲಿಸಿ ಹೊರಡಿಸುವುದನ್ನು ಕುರಿತು ಮಗಳಿಗೊಂದು ಪತ್ರ

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಮ್ಮಿಬ್ಬರ ಮಾತು ಅರ್ಧಕ್ಕೆ ನಿಂತಿತು. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ ಎಂದು ನಿನ್ನ ಅಮ್ಮ ರಾತ್ರಿಯಿಡೀ ಹೇಳುತ್ತಿದ್ದಳು. ನನ್ನ ದನಿ ಏರಿದ್ದರಿಂದ ನಿನಗೆ ನೋವಾಗಿದ್ದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಆದರೆ ದನಿಯ ಮಾತು ಬೇರೆ, ವಿಷಯದ ಮಾತು ಬೇರೆ. ಆ ಏಜೆಂಟನಿಗೆ ಹಣ ಕೊಟ್ಟು ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಮಾಡಿಸಿಕೊಳ್ಳುವುದು ಬೇಡ ಎಂದು ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಎಳೆ ಕಳೆದುಕೊಳ್ಳುತ್ತೇನೆ. ಅದಕ್ಕಾಗಿ ಕಾಗದ ಬರೆಯುತ್ತಿದ್ದೇನೆ.

 

ನೀನು ಹೇಳಿದ್ದನ್ನು ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೇನೆ. ಪಶುವೈದ್ಯಾಧಿಕಾರಿಯಾಗಿ ಮೂಡಿಗೆರೆ ತಾಲ್ಲೂಕಿಗೆ ನೇಮಕದ ಆದೇಶ ಬಂದಿದೆ, ಮುಂದಿನ ತಿಂಗಳು ಹಾಜರಾಗಬೇಕು, ತೋಟದ ಮನೆಗಳಿಗೆ ಹೋಗಿಬರಲು ಕಾರು ಬೇಕೇ ಬೇಕು. ಪರೀಕ್ಷೆಯಲ್ಲಿ ಎಂಟು ಸರಿಯಾಗಿ ಹಾಕಿದೆ, ರಿವರ್ಸ್ ಕೂಡ ಸರಿಯಾಗಿತ್ತು, ಏರಿನಲ್ಲಿ ನಿಲ್ಲಿಸಿ ಹೊರಡಿಸುವಾಗ ಮಾತ್ರ ಗಾಡಿ ಹಿಂದಕ್ಕೆ ಜಾರಿತು, ಬ್ರೇಕ್ ಇನ್‌ಸ್ಪೆಕ್ಟರು ಅಷ್ಟಕ್ಕೇ ಫೇಲ್ ಮಾಡಿದರು. 'ಒಂದಡಿ ಜಾರಿದ್ದಕ್ಕೆ ಫೇಲ್ ಮಾಡುತ್ತಾರಾ ಅಪ್ಪ? ಎಲ್ಲರೂ ಲೈಸೆನ್ಸ್ ಮಾಡಿಸಿಕೊಂಡು ಆಮೇಲೆ ಓಡಿಸುತ್ತಾ ಕಲಿಯುತ್ತಾರೆ' ಎಂದೆ. ನಿನ್ನ ಈ ಎರಡನೆಯ ಮಾತಿಗೇ ನನ್ನ ದನಿ ಏರಿದ್ದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೇ ನಿಯಮವನ್ನು ತೆಗೆದು ಓದು. ಡಿಎಲ್ ಪರೀಕ್ಷೆಗೆ ಬಂದವರು ಏನೇನು ಮಾಡಿ ತೋರಿಸಬೇಕು ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ. ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನಾಗಲಿ ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನಾಗಲಿ ಸರಿಯಾಗಿ ಬಳಸಿ, ಸ್ವಲ್ಪವೂ ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು ಎಂಬ ಮಾತು ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಒಂದಡಿಯವರೆಗೆ ಪರವಾಗಿಲ್ಲ ಎಂದು ಅಲ್ಲಿ ಬರೆದಿಲ್ಲ. ಆ ಅಧಿಕಾರಿ ತಮ್ಮ ಕೆಲಸವನ್ನು ಮಾಡಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ.

ಈಗ ನಾನು ಶಿರಾಡಿ ಘಾಟಿಯಲ್ಲಿ ಕಂಡದ್ದನ್ನು ಬರೆಯಬೇಕು. ಮನೆಯಲ್ಲಿ ಇದನ್ನು ಹೇಳಿದ್ದುಂಟು, ಆದರೆ ಪೂರ್ತಿಯಾಗಿ ಹೇಳಿಲ್ಲ. ಆಗ ನೀನು ಪ್ರೈಮರಿ ಶಾಲೆಯಲ್ಲಿದ್ದೆ. ಆಷಾಢದ ಮಳೆ, ಮಂಗಳೂರಿನಿಂದ ಹಾಸನಕ್ಕೆ ನಾನು ಬಸ್ ಓಡಿಸಿಕೊಂಡು ಬರುವ ಟ್ರಿಪ್. ಗುಂಡ್ಯ ದಾಟಿ ಮೇಲೆ ಹತ್ತುತ್ತಾ ಮಾರನಹಳ್ಳಿ ಇನ್ನೂ ದೂರವಿರುವಾಗಲೇ ಮುಂದೆಲ್ಲೋ ಒಂದು ಟ್ಯಾಂಕರ್ ಕೆಟ್ಟು ನಿಂತು, ವಾಹನಗಳ ಸಾಲು ಏರಿನ ಮೇಲೆಯೇ ನಿಂತಿತು. ನನ್ನ ಬಸ್ಸಿನ ಮುಂದೆ ಒಂದು ಬಿಳಿ ಕಾರು, ಹಿಂದೆ ಅದಿರಿನ ಲಾರಿ. ಮುಂದೆ ಏನಾಗಿದೆ ಎಂದು ನೋಡಿಬರಲು ನಮ್ಮ ಕಂಡಕ್ಟರು ಛತ್ರಿ ಹಿಡಿದು ಇಳಿದರು. ಹೋಗಿ ವಿಚಾರಿಸಿ ಬಂದವರು, ಕಾರಿಗೂ ಬಸ್ಸಿಗೂ ನಡುವೆ ನಿಂತು, 'ಇನ್ನು ಹತ್ತು ನಿಮಿಷ' ಎಂದು ನನಗೆ ಕೈಯಲ್ಲಿ ತೋರಿಸುತ್ತಿದ್ದರು. ಅಷ್ಟರಲ್ಲಿ ಸಾಲು ಕದಲಿತು.

ಕಾರಿನ ಹಿಂಬದಿಯ ಕೆಂಪು ದೀಪ ಆರಿದ್ದು ಕಂಡಿತು. ಬ್ರೇಕಿನಿಂದ ಕಾಲು ತೆಗೆದರು ಎಂದುಕೊಂಡೆ. ಎಂಜಿನ್ ಒಮ್ಮೆ ಗುರ್ ಎಂದು ಆಫ್ ಆಯಿತು. ಮರುಗಳಿಗೆಗೆ ಕಾರು ಹಿಂದಕ್ಕೆ ಹೊರಟಿತು, ವೇಗವಾಗಿ ಅಲ್ಲ, ನಿಧಾನವಾಗಿ. ನನಗೆ ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ. ಹಾರನ್ ಒತ್ತಿ ಹಿಡಿಯುವುದೊಂದೇ ನನ್ನ ಕೈಯಲ್ಲಿದ್ದದ್ದು. ಕಂಡಕ್ಟರು ತಿರುಗಿ ನೋಡಿ ಪಕ್ಕಕ್ಕೆ ಹಾರಿದರು. ಬಲಗಾಲು ಹೊರಗೆ ಬಂತು, ಎಡಗಾಲು ಕಾರಿನ ಬಂಪರಿಗೂ ನಮ್ಮ ಬಸ್ಸಿನ ಬಂಪರಿಗೂ ನಡುವೆ ಸಿಕ್ಕಿತು. ಇದೆಲ್ಲಾ ನನ್ನ ಕಣ್ಣ ಮುಂದಿನ ಗಾಜಿನಲ್ಲೇ ನಡೆಯಿತು. ವೈಪರ್ ಒಂದು ಸಲ ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಪ್ರಯಾಣಿಕರು ಇಳಿದು ಕಾರನ್ನು ಮುಂದಕ್ಕೆ ತಳ್ಳಿದರು, ಲಾರಿಯ ಕ್ಲೀನರ್ ಹುಡುಗ ಚಕ್ರಕ್ಕೆ ಕಲ್ಲು ಕೊಟ್ಟ. ಕಾರು ಓಡಿಸುತ್ತಿದ್ದವನು ಓದಿದ ಹುಡುಗ, ಒಳ್ಳೆಯವನು. ಕಾನೂನು ಹೇಳುವಂತೆ ಅಲ್ಲೇ ನಿಂತು, ಗಾಯಗೊಂಡವರ ಜೊತೆ ತಾನೂ ಸಕಲೇಶಪುರದ ಆಸ್ಪತ್ರೆಯವರೆಗೆ ಬಂದ. ಅಲ್ಲಿ ವರಾಂಡದಲ್ಲಿ ಪೊಲೀಸರಿಗೆ ತೋರಿಸಲು ಲೈಸೆನ್ಸ್ ತೆಗೆದ. ಹೊಸದು, ಅಂಚು ಕೂಡ ಮಾಸಿರಲಿಲ್ಲ. ನನ್ನ ಪಕ್ಕ ಕುಳಿತು, ಕೇಳದೆಯೇ, 'ಟೆಸ್ಟಿನಲ್ಲಿ ನನಗೆ ಏರು ಹತ್ತಿಸು ಎಂದು ಯಾರೂ ಹೇಳಲೇ ಇಲ್ಲ ಸರ್, ಸ್ವಲ್ಪ ದೂರ ನೇರ ಓಡಿಸಿದೆ, ಇಳಿ ಎಂದರು' ಎಂದ. ಅವನ ಕೈ ನಡುಗುತ್ತಿತ್ತು.

ಕಂಡಕ್ಟರು ಬದುಕಿಕೊಂಡರು. ಆದರೆ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವ ಕೆಲಸ ಅವರಿಂದ ಮತ್ತೆ ಆಗಲಿಲ್ಲ. ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಕಾರು ಜಾರಿದ್ದು ಎಷ್ಟು ದೂರ ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮೂರಡಿ ಇರಬಹುದು. ಅವರು ಅಲ್ಲಿ ನಿಂತಿರದಿದ್ದರೆ ಬಂಪರಿಗೆ ಒಂದು ಗೀರು ಬೀಳುತ್ತಿತ್ತು, ಇಬ್ಬರೂ ನಾಲ್ಕು ಮಾತು ಬೈದುಕೊಂಡು ಹೋಗುತ್ತಿದ್ದೆವು, ಆ ಹುಡುಗ ಸಂಜೆಯ ಹೊತ್ತಿಗೆ ಅದನ್ನು ಮರೆತಿರುತ್ತಿದ್ದ. ನೀನು 'ಒಂದಡಿ' ಎಂದಾಗ ನನಗೆ ಕಂಡದ್ದು ಪರೀಕ್ಷೆಯ ಮೈದಾನವಲ್ಲ. ನಿನ್ನ ಹಿಂದೆ ಯಾರು ನಿಂತಿದ್ದರು ಎಂದೇ ಮೊದಲು ಕೇಳಬೇಕೆನಿಸಿತು. ನೀನು ಕಾರು ಕೊಳ್ಳುತ್ತೇನೆ ಎಂದ ದಿನದಿಂದಲೂ ನನ್ನ ತಲೆಯಲ್ಲಿ ಇರುವುದು ಇದೊಂದೇ. ಮುಂದಕ್ಕೆ ಹೋಗುವಾಗ ನೀನು ಹುಷಾರಾಗಿಯೇ ಇರುತ್ತೀಯ, ಅದು ನನಗೆ ಗೊತ್ತು. ಹಿಂದಕ್ಕೆ ಜಾರುವ ಗಾಡಿ ಯಾರ ಕಣ್ಣಿಗೂ ಬೀಳದ ದಿಕ್ಕಿಗೆ ಹೋಗುತ್ತದೆ, ಅದೇ ನನ್ನ ಭಯ.

'ಕ್ಲಾಸಿನಲ್ಲಿ ಒಂದು ಸಲವೂ ಜಾರಿರಲಿಲ್ಲ' ಎಂದೆಯಲ್ಲ, ಅದರ ಕಾರಣವನ್ನು ಯೋಚಿಸು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ನಿನ್ನ ಸುರಕ್ಷತೆಗಾಗಿಯೇ ಅದನ್ನು ಇಟ್ಟಿರುವುದು. ಆದರೆ ಏರಿನಲ್ಲಿ ಗಾಡಿಯನ್ನು ಹಿಡಿದಿದ್ದದ್ದು ಅವರ ಕಾಲೋ ನಿನ್ನ ಕಾಲೋ ಎಂಬುದು ನಿನಗೆ ತಿಳಿಯುವುದಿಲ್ಲ. ಪರೀಕ್ಷೆಯ ದಿನ ಆ ಕಾಲು ಇರಲಿಲ್ಲ, ಅಷ್ಟೇ. ನಿನಗೆ ಬುದ್ಧಿ ಸಾಲದೆಂದಲ್ಲ, ಕೈ ಸಾಲದೆಂದೂ ಅಲ್ಲ. ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮನ ಮನೆಯ ಹಸುವಿನ ಕರು ಅಡ್ಡವಾಗಿದ್ದಾಗ, ನೀನು ತೋಳಿನವರೆಗೆ ಕೈ ಹಾಕಿ, ಕಣ್ಣು ಮುಚ್ಚಿ, ಬೆರಳಿನಿಂದಲೇ ಕಾಲನ್ನು ಗುರುತಿಸಿ ತಿರುಗಿಸಿದ್ದನ್ನು ನಾನು ಲಾಂದ್ರ ಹಿಡಿದು ನಿಂತು ನೋಡಿದ್ದೇನೆ. ಹಸು ಎದ್ದು ಕರುವನ್ನು ನೆಕ್ಕುವಾಗ ಊರಿನವರೆಲ್ಲಾ ನನ್ನ ಮುಖ ನೋಡಿದರು. ಡ್ರೈವರನ ಮಗಳು ಎನ್ನುತ್ತಿದ್ದವರು ಅಂದಿನಿಂದ ನನ್ನನ್ನು ಡಾಕ್ಟರಮ್ಮನ ಅಪ್ಪ ಎನ್ನುತ್ತಾರೆ. ಇದನ್ನು ನಿನಗೆ ಬಾಯಿ ಬಿಟ್ಟು ಹೇಳಲು ನನಗೆ ಆಗಿರಲಿಲ್ಲ.

ಕ್ಲಚ್ಚಿಗೂ ಬೇಕಾದದ್ದು ಅದೇ ಬೆರಳು, ಕಾಲಿನಲ್ಲಿ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿರಲಿ. ಫಸ್ಟ್ ಗೇರ್ ಹಾಕಿ, ಕನ್ನಡಿಯಲ್ಲಿ ಹಿಂದೆ ನೋಡಿ, ಕ್ಲಚ್ಚನ್ನು ನಿಧಾನವಾಗಿ ಮೇಲೆ ಬಿಡುತ್ತಾ ಬಾ. ಒಂದು ಜಾಗಕ್ಕೆ ಬಂದಾಗ ಎಂಜಿನ್ನಿನ ಸದ್ದು ತಗ್ಗುತ್ತದೆ, ಸ್ಟಿಯರಿಂಗ್ ಸಣ್ಣಗೆ ನಡುಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೆದ್ದಂತೆ ಕಾಣುತ್ತದೆ. ಕಾಲನ್ನು ಅಲ್ಲೇ ನಿಲ್ಲಿಸು. ಎಲ್ಲರೂ ತಪ್ಪುವುದು ಇಲ್ಲೇ. ಹಿಂದಿನವರು ಹಾರನ್ ಹೊಡೆಯುತ್ತಾರೆಂದು ಗಾಬರಿಯಾಗಿ ಪೂರ್ತಿ ಬಿಟ್ಟುಬಿಡುತ್ತಾರೆ. ನೀನು ಕಾಲನ್ನು ಅಲುಗಾಡಿಸದೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಹೆಬ್ಬೆರಳಿನಿಂದ ಗುಂಡಿ ಒತ್ತಿ ಹ್ಯಾಂಡ್ ಬ್ರೇಕ್ ಇಳಿಸು. ಗಾಡಿ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಒಂದು ಕ್ಷಣ ನಿಲ್ಲಬೇಕು, ಆಮೇಲೆ ಹೊರಡಬೇಕು. ಎಂಜಿನ್ ಆಫ್ ಆದರೆ ಮೊದಲು ಬ್ರೇಕ್, ಹ್ಯಾಂಡ್ ಬ್ರೇಕ್, ಆಮೇಲೆ ಕೀಲಿ. ಅರ್ಧ ಕ್ಲಚ್ಚಿನಲ್ಲಿಯೇ ಹೆಚ್ಚು ಹೊತ್ತು ನಿಲ್ಲಿಸಿದರೆ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ; ಸಾಲಿನಲ್ಲಿ ಕಾಯುವಾಗ ಗಾಡಿಯನ್ನು ಹ್ಯಾಂಡ್ ಬ್ರೇಕೇ ಹಿಡಿದಿರಲಿ.

ನಿನಗೆ ಸಮಯವಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಫೇಲಾದವರು ಏಳು ದಿನ ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಹೋಗಬಹುದು. ಮೂರು ಸಲವೂ ಆಗದಿದ್ದರೆ ಮಾತ್ರ ಅರವತ್ತು ದಿನ ಕಾಯಬೇಕು, ನಿನ್ನದು ಇನ್ನೂ ಮೊದಲನೆಯದು. ಎಲ್‌ಎಲ್‌ಆರ್ ಎಂಬ ಕಲಿಯುವವರ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ನಿನ್ನದರಲ್ಲಿ ಬೇಕಾದಷ್ಟು ಕಾಲ ಉಳಿದಿದೆ. ಕೆಲಸಕ್ಕೆ ಹಾಜರಾಗಲು ಆದೇಶದ ಪ್ರತಿ ಬೇಕೇ ಹೊರತು ಕಾರು ಬೇಕಿಲ್ಲ. ಎಲ್‌ಎಲ್‌ಆರ್ ಇದ್ದು, ಮುಂದೆ ಹಿಂದೆ ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿ ಕುಳಿತರೆ ನೀನು ಓಡಿಸಬಹುದು. ನನ್ನ ಲೈಸೆನ್ಸ್ ಚಾಲ್ತಿಯಲ್ಲಿದೆ. ಮೊದಲ ತಿಂಗಳು ನಾನು ಅಲ್ಲಿಯೇ ಬಂದು ಇರುತ್ತೇನೆ. ನೀನು ಹಟ್ಟಿಯೊಳಗೆ ಹೋಗಿ ಹಸು ನೋಡು, ನಾನು ಕಾರಿನಲ್ಲಿ ಪೇಪರ್ ಓದುತ್ತಾ ಕುಳಿತಿರುತ್ತೇನೆ. ಒಬ್ಬಳೇ ಎಲ್ಲಿಗೂ ತೆಗೆದುಕೊಂಡು ಹೋಗಬೇಡ. ಲೈಸೆನ್ಸ್ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ 5,000 ರೂಪಾಯಿ ದಂಡ. ದಂಡ ಕಟ್ಟಬಹುದು, ಅದಲ್ಲ ನನ್ನ ಚಿಂತೆ.

ಆ ಕಡೆಯ ರಸ್ತೆಗಳು ನಿನಗೆ ಹೊಸವು. ತೋಟದ ಒಳದಾರಿಗಳಲ್ಲಿ ಎರಡು ಗಾಡಿ ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ಕಿರಿದಾದ ಏರಿನಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಹತ್ತುವವರು ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ ಎಂಬ ಕಾರಣಕ್ಕೇ ಅದನ್ನು ಮಾಡಿರುವುದು. ನೋಡು, ಎಲ್ಲಿಂದ ಹೊರಟರೂ ನಾನು ಅಲ್ಲಿಗೇ ಬರುತ್ತೇನೆ. ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಬೇಡ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಸು. ಕೊಟ್ಟಿಗೆಹಾರದ ಕಡೆ ಹಗಲಿನಲ್ಲೂ ಮಂಜು ಕವಿಯುತ್ತದೆ, ಆಗ ಹೈ ಬೀಮ್ ಹಾಕಿದರೆ ಮಂಜೇ ಬೆಳಗುತ್ತದೆ, ರಸ್ತೆ ಕಾಣುವುದಿಲ್ಲ. ರೈತರು ಗಾಬರಿಯಲ್ಲಿ ಫೋನ್ ಮಾಡುತ್ತಾರೆ, 'ಡಾಕ್ಟ್ರೇ, ಕರು ಹೊರಗೆ ಬರ್ತಾ ಇಲ್ಲ, ಬೇಗ ಬನ್ನಿ' ಎನ್ನುತ್ತಾರೆ. ಆ ಮಾತು ಕೇಳಿದರೆ ನಿನ್ನ ಕಾಲು ತಾನಾಗಿ ಆಕ್ಸಿಲರೇಟರ್ ಮೇಲೆ ಹೋಗುತ್ತದೆ, ನನಗೆ ನಿನ್ನ ಸ್ವಭಾವ ಗೊತ್ತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಮಾತನಾಡು. ಹತ್ತು ನಿಮಿಷ ತಡವಾದರೆ ಹಸುವಿಗೆ ತೊಂದರೆಯಾಗಬಹುದು, ನಿಜ. ನೀನು ತಲುಪದಿದ್ದರೆ ಆ ತಾಲ್ಲೂಕಿನ ಎಷ್ಟೋ ಹಸುಗಳಿಗೆ ಯಾರೂ ಇರುವುದಿಲ್ಲ.

ನಿನಗೆ ಉಪದೇಶ ಮಾಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಬರೆಯಲು ಕುಳಿತೆ, ಆದರೂ ಇಷ್ಟಾಯಿತು. 'ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ' ಎಂದು ಹೇಳಿ ಫೋನ್ ಇಟ್ಟೆಯಲ್ಲ, ಆ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ನಿನ್ನ ಮೇಲೆ ನಂಬಿಕೆ ಇರುವುದರಿಂದಲೇ ನೀನು ಪರೀಕ್ಷೆಯಲ್ಲಿ ನಿಂತು ಪಾಸಾಗುತ್ತೀಯ ಎನ್ನುತ್ತಿದ್ದೇನೆ. ನಂಬಿಕೆ ಇಲ್ಲದಿದ್ದರೆ ಏಜೆಂಟನ ಹಣವನ್ನು ನಾನೇ ಕಳಿಸುತ್ತಿದ್ದೆ.

ಬುಧವಾರ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬರುತ್ತೇನೆ. ಅತ್ತೆಯ ಮನೆಯ ಹಿಂದೆ ಕೆರೆ ಏರಿಗೆ ಹತ್ತುವ ದಾರಿ ಇದೆಯಲ್ಲ, ಮಧ್ಯಾಹ್ನದ ಹೊತ್ತು ಅಲ್ಲಿ ಜನ ಓಡಾಡುವುದಿಲ್ಲ. ಪಕ್ಕದಲ್ಲಿ ನಾನು ಕುಳಿತಿರುತ್ತೇನೆ, ಹ್ಯಾಂಡ್ ಬ್ರೇಕ್ ನಿನ್ನ ಕೈಯಲ್ಲೇ ಇರಲಿ. ಅಷ್ಟರೊಳಗೆ ಲೈಸೆನ್ಸಿನ ಅರ್ಜಿ ಹಾಕುವ ಸಾರಥಿ ವೆಬ್‌ಸೈಟಿನಲ್ಲಿ ಮರುಪರೀಕ್ಷೆಯ ಶುಲ್ಕ ಕಟ್ಟಿ ದಿನಾಂಕ ತೆಗೆದುಕೊಂಡಿರು, ಬೆಳಗಿನ ಸ್ಲಾಟ್ ಸಿಕ್ಕರೆ ಒಳ್ಳೆಯದು. ಏಜೆಂಟನ ಬಳಿ ನಿನ್ನ ಎಲ್‌ಎಲ್‌ಆರ್ ಪ್ರತಿ ಇದ್ದರೆ ವಾಪಸ್ ಇಸಿದುಕೋ. ಅಮ್ಮ ಚಕ್ಕುಲಿ ಮತ್ತು ಉಪ್ಪಿನಕಾಯಿ ಕಟ್ಟುತ್ತಿದ್ದಾಳೆ, ಇನ್ನೇನು ಬೇಕೆಂದು ಮಂಗಳವಾರ ಸಂಜೆಯೊಳಗೆ ಫೋನ್ ಮಾಡಿ ಹೇಳು.

ಇಂತಿ ನಿನ್ನ ಪ್ರೀತಿಯ
ಅಪ್ಪ