ಸರ್ಕಾರದ ಹಣ ಬೇಕು, ಷರತ್ತೂ ಬೇಕು

ಮಾನ್ಯರೇ,

ಭ್ರೂಣದ ಕಾಂಡಕೋಶ (ದೇಹದ ಯಾವುದೇ ಬಗೆಯ ಕೋಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಸಂಶೋಧನೆಗೆ ಸರ್ಕಾರ ಹಣ ಕೊಡಬಾರದು ಎನ್ನುವವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರಿಗೆ ಆ ಐದಾರು ದಿನದ ಭ್ರೂಣವೂ ಒಂದು ಜೀವ. ಕೋಶ ತೆಗೆದರೆ ಅದು ಸಾಮಾನ್ಯವಾಗಿ ಉಳಿಯುವುದಿಲ್ಲ. ತಾವು ಒಪ್ಪದ ಕೆಲಸಕ್ಕೆ ತಮ್ಮ ತೆರಿಗೆ ಹೋಗಬಾರದು ಅಂತ ಅವರು ಕೇಳುವುದು ಸಹಜ ಅಲ್ವಾ?

ಆದರೆ ಈ ಭ್ರೂಣಗಳು ಹೆಚ್ಚಾಗಿ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ) ಚಿಕಿತ್ಸೆಯಲ್ಲಿ ಉಳಿದವು. ವರ್ಷಗಟ್ಟಲೆ ಹೆಪ್ಪುಗಟ್ಟಿದ ಸ್ಥಿತಿಯಲ್ಲಿದ್ದು, ದಂಪತಿಗೆ ಬೇಡವಾದ ಮೇಲೆ ಎಷ್ಟೋ ಭ್ರೂಣಗಳನ್ನು ಸುಮ್ನೆ ಎಸೆಯುತ್ತಾರೆ. ಹಾಗೆ ಎಸೆಯುವುದನ್ನು ಒಪ್ಪಿಕೊಂಡು, ಅದೇ ಭ್ರೂಣದಿಂದ ಪಾರ್ಕಿನ್ಸನ್‌ಗೋ ಟೈಪ್ 1 ಮಧುಮೇಹಕ್ಕೋ ಬೆನ್ನುಹುರಿಯ ಪೆಟ್ಟಿಗೋ ಚಿಕಿತ್ಸೆ ಹುಡುಕುವುದನ್ನು ಮಾತ್ರ ತಪ್ಪು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಣ ನಿಲ್ಲಿಸಿದರೆ ಸಂಶೋಧನೆ ನಿಲ್ಲುತ್ತದೆ ಎಂಬುದೂ ಸುಳ್ಳು. ಅಮೆರಿಕದಲ್ಲಿ 2001ರಲ್ಲಿ ಅಧ್ಯಕ್ಷ ಬುಷ್, ಅಷ್ಟರಲ್ಲೇ ಬೆಳೆಸಿದ್ದ ಕೋಶಗಳ ಮೇಲಿನ ಕೆಲಸಕ್ಕೆ ಮಾತ್ರ ಕೇಂದ್ರದ ಹಣ ಎಂದರು. ಕೆಲಸ ಖಾಸಗಿ ಹಣದಲ್ಲಿ ಮುಂದುವರಿಯಿತು. 2004ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ 300 ಕೋಟಿ ಡಾಲರ್‌ಗೆ ಒಪ್ಪಿಗೆ ಕೊಟ್ಟರು. 2009ರಲ್ಲಿ ಒಬಾಮ ಆ ಮಿತಿ ತೆಗೆದರು.

ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶವನ್ನೇ ಕಾಂಡಕೋಶದಂತೆ ಮಾಡಿ ತೋರಿಸಿದ್ದು ದೊಡ್ಡ ಸಾಧನೆ, ಆ ದಾರಿಗೂ ಹಣ ಸಿಗಲಿ. ಆದರೆ ಅಂಥ ಕೋಶ ಸರಿಯಿದೆಯೇ ಎಂದು ಹೋಲಿಸಿ ನೋಡಲು ಭ್ರೂಣದ ಕೋಶ ಈಗಲೂ ಬೇಕು.

ಖಾಸಗಿ ಲ್ಯಾಬ್‌ನಲ್ಲಿ ಏನು ನಡೆಯುತ್ತದೆ ಎಂದು ಕೇಳುವುದು ಕಷ್ಟ. ಸರ್ಕಾರ ಹಣ ಕೊಟ್ಟರೆ ಷರತ್ತನ್ನೂ ಹಾಕಬಹುದು: ದಂಪತಿಯ ಲಿಖಿತ ಒಪ್ಪಿಗೆ ಇರಬೇಕು, ಭ್ರೂಣಕ್ಕೆ ದುಡ್ಡು ಕೊಡುವಂತಿಲ್ಲ, ಫಲಿತಾಂಶ ಎಲ್ಲರಿಗೂ ತೆರೆದಿರಬೇಕು.