ಮಗಳಿಗೊಂದು ಪತ್ರ: ಬೌಲ್ಡರ್ ಕ್ರೀಕ್‌ಗೆ ಹೊರಡುವ ಮುನ್ನ

ಪ್ರೀತಿಯ ಪುಟ್ಟಿ,

ಶನಿವಾರ ನೀನು ನಮ್ಮ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಬೆಟ್ಟಗಳಲ್ಲಿರುವ ಬೌಲ್ಡರ್ ಕ್ರೀಕ್‌ನ ಮನೆಗೆ ಹೋಗುತ್ತಿದ್ದೀಯ. ಮನೆ ಕೊಂಡ ಸುದ್ದಿ ಹೇಳಿದ ರಾತ್ರಿ ನಡೆದದ್ದು ಇಬ್ಬರಿಗೂ ನೆನಪಿದೆ, ಬಿಡೋಣ. ನೀನು ಅರ್ಧ ಊಟಕ್ಕೆ ಎದ್ದು ಹೋದದ್ದು ಮಾತ್ರ ನನ್ನನ್ನು ಇನ್ನೂ ಚುಚ್ಚುತ್ತಿದೆ.

ನನ್ನ ಭಯವೆಲ್ಲ ಆ ರಸ್ತೆಯದು. ಸ್ಯಾನ್ ಲೊರೆಂಜೊ ನದಿಯ ಮಗ್ಗುಲಲ್ಲೇ ಸುತ್ತಿ ಬಳಸಿ ಹೋಗುವ ಹೆದ್ದಾರಿ 9; ಇಕ್ಕೆಲಗಳಲ್ಲಿ ರೆಡ್‌ವುಡ್ ಮರಗಳು. 2020ರ ಆಗಸ್ಟ್ 16ರಂದು ಮಳೆಯಿಲ್ಲದ ಸಿಡಿಲಿಗೆ ಹೊತ್ತಿದ ಬೆಂಕಿ 86 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. 1902ರಿಂದ ಕಾಪಾಡಿಕೊಂಡು ಬಂದ ಬಿಗ್ ಬೇಸಿನ್ ಉದ್ಯಾನಕ್ಕೂ ನುಗ್ಗಿತು. ಬೆಟ್ಟದ ಈಚೆ, ಸನಿವೇಲ್‌ನಲ್ಲಿ, ನಮ್ಮ ತುಳಸಿಯ ಮೇಲೆ ಬೂದಿ ಬಿದ್ದಿತ್ತು. ಅದನ್ನು ಒರೆಸುತ್ತ, ಕಣಿವೆಯ ಜನರೆಲ್ಲ ಆ ರಸ್ತೆಗೇ ಇಳಿದಿದ್ದಾರಲ್ಲ, ಮುಂದೊಂದು ಮರ ಅಡ್ಡ ಬಿದ್ದರೆ ಏನು ಗತಿ ಎಂದು ಕಂಗಾಲಾಗಿದ್ದೆ. ಈಗ ಆ ಸಾಲಿನಲ್ಲಿ ನಿನ್ನ ಕಾರು ಕಾಣುತ್ತಿದೆ. ನಡುರಾತ್ರಿ ಎದ್ದು ಮೊಬೈಲ್‌ನಲ್ಲಿ ನಕ್ಷೆ ತೆರೆಯುತ್ತೇನೆ. ದಕ್ಷಿಣಕ್ಕೆ ಫೆಲ್ಟನ್, ಉತ್ತರಕ್ಕೆ ಸಾರಟೋಗ ಕಡೆಯ ಏರು, ಪೂರ್ವಕ್ಕೆ ಬೇರ್ ಕ್ರೀಕ್ ರಸ್ತೆ. ಮೂರರ ಮೇಲೂ ಬೆರಳಾಡಿಸಿ, ಯಾವುದನ್ನೂ ನಂಬಲಾರದೆ ಮಲಗುತ್ತೇನೆ.

ಕರಕಲಾದ ಮರಗಳ ಮೈತುಂಬ ಚಿಗುರಿದೆ ಎಂದು ನೀನು ಫೋಟೋ ಕಳಿಸಿದ್ದೆ. ರೆಡ್‌ವುಡ್ ತೊಗಟೆ ದಪ್ಪ, ಬೆಂಕಿಯನ್ನು ತಾಳುತ್ತದೆ. ನಿನಗೆ ಅಂಥ ತೊಗಟೆಯಿಲ್ಲ ಮಗಳೇ.

ಊರಿಗೆ ಪುರಸಭೆಯಿಲ್ಲ, ಮೇಯರ್ ಇಲ್ಲ. ಒಳರಸ್ತೆ ಕೆಟ್ಟರೂ, ಮನೆ ಕಟ್ಟಿದರೂ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಬಾಗಿಲಿಗೇ ಹೋಗಬೇಕು. ಬೆಂಕಿಗೆ ಎದುರು ನಿಲ್ಲುವವರು ಊರಿನ ಸ್ವಯಂಸೇವಕರು. ಆ ದಳಕ್ಕೆ ಸೇರುತ್ತೇನೆ ಎಂದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. ಹೆಮ್ಮೆಯೆನಿಸಿತು. ಬೇಡ ಎನ್ನಬೇಕೆಂದೂ ಅನಿಸಿತು.

ಮನೆಯ ಸುತ್ತ ನೂರು ಅಡಿಯವರೆಗೆ ಒಣಹುಲ್ಲು, ತರಗು ತೆಗೆಸು. ಕಾನೂನೂ ಅದನ್ನೇ ಕೇಳುತ್ತದೆ. ಸೂರಿನ ದೋಣಿಯಲ್ಲಿ ಎಲೆ ಕೂರಲು ಬಿಡಬೇಡ. ಪೆಟ್ರೋಲ್ ಅರ್ಧಕ್ಕಿಂತ ಇಳಿಯಬಾರದು. ಪಾಸ್‌ಪೋರ್ಟ್, ಮನೆಯ ಪತ್ರಗಳು ಒಂದೇ ಚೀಲದಲ್ಲಿರಲಿ. ಮಳೆ ಶುರುವಾಯಿತೆಂದು ನಿಶ್ಚಿಂತಳಾಗಬೇಡ. ಅಲ್ಲಿ ಮಳೆ ಚಳಿಗಾಲದ್ದು, ಗುಡ್ಡಗಳು ಜಾರುತ್ತವೆ. 1982ರ ಜನವರಿಯಲ್ಲಿ ಪಕ್ಕದ ಬೆನ್ ಲೊಮಂಡ್ ಬಳಿಯ ಲವ್ ಕ್ರೀಕ್‌ನಲ್ಲಿ ಗುಡ್ಡ ಕುಸಿದು ಹತ್ತು ಜನ ಸತ್ತರು. ಮುಖ್ಯವಾಗಿ, ಹೊರಡಿ ಎಂಬ ಆದೇಶಕ್ಕೆ ಕಾಯಬೇಡ, ಮುನ್ನೆಚ್ಚರಿಕೆ ಬಂದೊಡನೆ ಹೊರಡು. ದಳದ ಸಮವಸ್ತ್ರ ತೊಟ್ಟ ಮೇಲೆ ಈ ಮಾತನ್ನು ನಾನು ಮತ್ತೆ ಎತ್ತುವುದಿಲ್ಲ. ಅಲ್ಲಿಯವರೆಗೆ ಕೇಳು.

ಶನಿವಾರ ಲಾರಿಯ ಹಿಂದೆಯೇ ನಾನೂ ಬರುತ್ತೇನೆ. ಸಾಮಾನು ಇಳಿಸಿದ ಮೇಲೆ ಬೇರ್ ಕ್ರೀಕ್ ರಸ್ತೆಯಲ್ಲಿ ಹೆದ್ದಾರಿ 17ರವರೆಗೆ ನೀನು ಕಾರು ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ.

ನಿನ್ನ ಅಮ್ಮ